ಪಿಸ್ತೂಲಿಗೆ ಹೊಲಿದ ಕೋಟು

ಕಸದ ಡಬ್ಬಿಯನ್ನು ಬೀದಿಯ ಅಂಚಿಗೆ ಇಟ್ಟು ಬರುವಾಗಲೂ ವರ್ಲೀನ್ ಗಿಪ್ಸನ್ ತುಟಿಗೆ ಬಣ್ಣ ಹಚ್ಚಿಕೊಂಡೇ ಹೋಗುತ್ತಿದ್ದಳು. ಹ್ಯಾಡ್ಲಿ ಬೆಂಡ್‌ನಲ್ಲಿ ಇದಕ್ಕೆ ನಗುವವರು ಇದ್ದರು, ಎದುರಿಗೆ ನಕ್ಕವರು ಮಾತ್ರ ಇರಲಿಲ್ಲ. ಪೂರ್ವ ಟೆಕ್ಸಾಸಿನ ಆ ಪೈನ್ ಕಾಡಿನ ಊರಿನಲ್ಲಿ ಮದುವೆಯಾದ ಹುಡುಗಿಯರಲ್ಲಿ ಅರ್ಧದಷ್ಟು ಜನ ಅವಳು ಹೊಲಿದ ಗೌನಿನಲ್ಲೇ ಚರ್ಚಿಗೆ ನಡೆದವರು. ಸತ್ತವರಿಗೂ ಅವಳೇ. ಹೆಣಕ್ಕೆ ಹಾಕುವ ಕೋಟಿನ ಬೆನ್ನು ತೊಡಿಸಲು ಸುಲಭವಾಗಲೆಂದು ಸೀಳಿರುತ್ತದೆ, ಯಾರೂ ನೋಡುವುದಿಲ್ಲ. ಅವಳು ಅದಕ್ಕೂ ಲೈನಿಂಗ್ ಹಾಕುತ್ತಿದ್ದಳು.

ಈ ಹಟ ತಾಯಿಯಿಂದ ಬಂದದ್ದು. ತಾಯಿ ಬಿಳಿಯರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಆ ಕಾಲಕ್ಕೆ ಊರಿನ ಬಟ್ಟೆಯಂಗಡಿಯಲ್ಲಿ ಕರಿಯ ಹೆಂಗಸರು ಟೋಪಿಯನ್ನು ತಲೆಗಿಟ್ಟು ನೋಡುವಂತಿರಲಿಲ್ಲ. ಇಟ್ಟರೆ ಕೊಳ್ಳಲೇಬೇಕು, ಸರಿ ಹೋಗಲಿ ಬಿಡಲಿ. ಒಂದು ಈಸ್ಟರ್ ಹಬ್ಬಕ್ಕೆ ಆಸೆಪಟ್ಟು ಕೊಂಡ ಟೋಪಿ ಕಿವಿಯವರೆಗೆ ಇಳಿದಾಗ ತಾಯಿ ಅದನ್ನು ಬಿಚ್ಚಿ ಹರವಿ, ಅದು ಹೇಗೆ ಹೊಲಿದದ್ದೆಂದು ನೋಡಿ ಕಲಿತಳು. ಮತ್ತೆಂದೂ ಅಂಗಡಿಯ ಟೋಪಿ ಕೊಳ್ಳಲಿಲ್ಲ. ಆ ಮನೆಯಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಳ್ಳುವುದೆಂದರೆ ಸೊಗಸುಗಾರಿಕೆಯಾಗಿರಲಿಲ್ಲ, ಆ ಅಂಗಡಿಗೆ ಕೊಟ್ಟ ಉತ್ತರವಾಗಿತ್ತು.

ತೊಂಬತ್ತಾರನೆಯ ಇಸವಿಯ ವಸಂತದಲ್ಲಿ ವರ್ಲೀನ್‌ಗೆ ಐವತ್ತನಾಲ್ಕು ವಯಸ್ಸು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ತಂಗಿ ಮೊಜೆಲ್‌ಳ ಮಗಳು ಡೆನೀಟಾ. ಇಪ್ಪತ್ತಾರರ ಡೆನೀಟಾ ಗಂಡನ ಮನೆ ಬಿಟ್ಟು ದೊಡ್ಡಮ್ಮನ ಮನೆಗೆ ಬಂದದ್ದು ಮುರಿದ ದವಡೆಯ ಜೊತೆ. ಮುರಿದವನು ಗಂಡ ಲೆಂಡೆಲ್. ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದವಳು ವರ್ಲೀನ್, ನ್ಯಾಯಾಲಯದಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದವಳೂ ಅವಳೇ. ಲೆಂಡೆಲ್‌ಗೆ ಎರಡು ವರ್ಷ ಶಿಕ್ಷೆಯಾಯಿತು. ಹದಿನಾಲ್ಕು ತಿಂಗಳಿಗೆ ಬಿಡುಗಡೆಯಾದ.

ಬಿಡುಗಡೆಯಾದ ವಾರಕ್ಕೆ ಒಂದು ಕಾರ್ಡು ಬಂತು. ‘ದೊಡ್ಡತ್ತೆ, ನೀವು ಮಾಡಿದ ಉಪಕಾರ ಮರೆತಿಲ್ಲ. ಬಂದಾಗ ತೀರಿಸ್ತೀನಿ.’ ಅಷ್ಟೇ.

ಕಾರ್ಡು ನೋಡಲು ಬಂದ ಪೊಲೀಸಿನವನು ಒಳ್ಳೆಯ ಹುಡುಗ, ಅವನ ಮದುವೆಯ ಕೋಟಿನ ತೋಳು ಗಿಡ್ಡ ಮಾಡಿಕೊಟ್ಟವಳು ಇವಳೇ. ಎರಡು ಸಲ ಓದಿ ತಲೆ ಕೆರೆದುಕೊಂಡ.

“ಇದ್ರಲ್ಲಿ ಬೆದರಿಕೆ ಅಂತ ಸ್ಪಷ್ಟವಾಗಿ ಬರೆದಿಲ್ವಲ್ಲ ಮೇಡಂ. ನ್ಯಾಯಾಲಯದ ಆಜ್ಞೆ ಇದೆ, ಡೆನೀಟಾ ಹತ್ರ ಅವನು ಬರೋ ಹಾಗಿಲ್ಲ. ಬಂದ್ರೆ ಒಂದು ಫೋನ್ ಮಾಡಿ.”

“ಮಾಡಿದ್ರೆ ಎಷ್ಟು ಹೊತ್ತಿಗೆ ಬರ್ತೀಯಪ್ಪ?”

“ನಲವತ್ತು ನಿಮಿಷ. ಮರದ ಲಾರಿ ಅಡ್ಡ ಬರ್ದೆ ಇದ್ರೆ.”

“ಅಷ್ಟರಲ್ಲಿ ನನ್ನ ಹೆಣಕ್ಕೆ ಬಟ್ಟೆ ಹೊಲಿಯೋರು ಯಾರು? ಈ ಊರಲ್ಲಿ ಹೊಲಿಯೋಳು ನಾನೊಬ್ಳೇ.”

ವರ್ಲೀನ್ ಅಂದೇ ಮಧ್ಯಾಹ್ನ ಪಿಸ್ತೂಲು ಕಲಿಸುವ ತರಗತಿಗೆ ಹೆಸರು ಬರೆಸಿದಳು. ಮರೆಯಾಗಿ ಪಿಸ್ತೂಲು ಇಟ್ಟುಕೊಂಡು ತಿರುಗಲು ಪರವಾನಗಿ ಕೊಡುವ ಕಾನೂನು ಆ ವರ್ಷವೇ ರಾಜ್ಯದಲ್ಲಿ ಜಾರಿಗೆ ಬಂದಿತ್ತು.

ತರಗತಿ ನಡೆದದ್ದು ಹಳೇ ಸೈನಿಕರ ಸಂಘದ ಹಾಲಿನಲ್ಲಿ. ಹತ್ತೊಂಬತ್ತು ಗಂಡಸರು, ಇಬ್ಬರು ಹೆಂಗಸರು. ಕಲಿಸುವವನು ಹಾರ್ಗಿಸ್, ದನದ ಮೇವಿನ ಅಂಗಡಿಯ ಬಿಳಿಯ, ಮಾತು ಜೋರು, ಹೊಟ್ಟೆ ಅದಕ್ಕಿಂತ ಜೋರು. ಕಾನೂನು ಹೇಳಿದ, ಗುರಿ ಹೇಳಿದ. ಆಮೇಲೆ ಬಟ್ಟೆಯ ವಿಷಯಕ್ಕೆ ಬಂದ.

“ಪಿಸ್ತೂಲು ಬೇಕೂಂತ ತೋರಿಸಿದ್ರೆ ಅಪರಾಧ. ಪರವಾನಗಿ ಹೋಗತ್ತೆ, ಮಾನಾನೂ ಹೋಗತ್ತೆ. ಅದಕ್ಕೆ ಇವತ್ತಿಂದ ನಿಮ್ಮ ಬಟ್ಟೆ ಬದಲಾಗ್ಬೇಕು. ಎರಡು ಸೈಜು ದೊಡ್ಡ ಅಂಗಿ ತಗೊಳ್ಳಿ, ಹೊರಗೆ ಬಿಡಿ. ಇಲ್ಲಾಂದ್ರೆ ಮೀನು ಹಿಡಿಯೋರು ಹಾಕೋ ಜೇಬಿನ ಜಾಕೆಟ್ಟು. ಹೆಂಗಸ್ರು ಕೈಚೀಲದಲ್ಲಿ ಇಟ್ಕೊಳ್ಳಿ, ಅಷ್ಟೇ.”

ವರ್ಲೀನ್ ಕೈ ಎತ್ತಿದಳು. ಅಂದು ಅವಳು ತೊಟ್ಟಿದ್ದು ಬೂದು ಬಣ್ಣದ ಸೂಟು, ಕತ್ತಿನಲ್ಲಿ ಮುತ್ತಿನ ಸರ.

“ಹಾರ್ಗಿಸ್ ಅವರೇ, ಕೈಚೀಲ ಕಿತ್ಕೊಂಡು ಓಡೋನು ಪಿಸ್ತೂಲು ವಾಪಸ್ ಕೊಟ್ಟು ಹೋಗ್ತಾನಾ?”

ಹಾಲಿನಲ್ಲಿ ನಗು ಎದ್ದಿತು. ಹಾರ್ಗಿಸ್ ಕೆಂಪಗಾದ.

“ಹಾಗಾದ್ರೆ ದೊಡ್ಡ ಅಂಗೀನೇ ಗತಿ, ಮೇಡಂ.”

“ಮೂವತ್ತು ವರ್ಷದಿಂದ ಈ ಊರಿಗೆ ಬಟ್ಟೆ ಹೊಲೀತಿದೀನಿ. ನೀವು ಹೇಳಿದ ಗೋಣಿಚೀಲ ಹಾಕ್ಕೊಂಡು ಬೀದಿಗಿಳಿದ್ರೆ ನನ್ನ ಗಿರಾಕಿಗಳು ಪಕ್ಕದೂರಿಗೆ ಹೋಗ್ತಾರೆ. ಒಬ್ಬ ಪೋಲಿ ನನ್ನನ್ನ ಹೆದರಿಸಿದ ಅಂತ ಪಿಸ್ತೂಲು ಇಟ್ಕೋತೀನಿ, ಸರಿ. ಅವನಿಗಾಗಿ ನಾನು ಅಡ್ಡಾದಿಡ್ಡಿ ಬಟ್ಟೇನೂ ಹಾಕ್ಕೋಬೇಕಾ? ಅದಾಗಲ್ಲ.”

“ಚೆನ್ನಾಗಿರೋ ಬಟ್ಟೆ ಒಳಗೆ ಅದು ಕೂರಲ್ಲ, ಮೇಡಂ. ನಾನು ನೋಡಿದೀನಿ.”

“ನೀವು ಅಂಗಡಿ ಬಟ್ಟೆ ನೋಡಿದೀರಿ.”

ಗುರಿಯ ಪರೀಕ್ಷೆಯಲ್ಲಿ ಆ ದಿನದ ಎರಡನೆಯ ಅತಿ ಹೆಚ್ಚಿನ ಅಂಕ ಅವಳದಾಯಿತು. ಸೂಜಿಯ ಕಣ್ಣಿಗೆ ದಾರ ಪೋಣಿಸುವವಳ ಕೈ ನಡುಗುವುದಿಲ್ಲ ಎಂದು ಪಕ್ಕದವನಿಗೆ ಹೇಳಿದಳಂತೆ.

ಪರವಾನಗಿಯ ಕಾಗದ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಅವಳು ಹೊಲಿದಳು. ಐದು ಗುಂಡಿನ ಗಿಡ್ಡ ರಿವಾಲ್ವರು, ಅದಕ್ಕೊಂದು ಚರ್ಮದ ಒರೆ. ಮನೆಯ ಬಾಗಿಲು ಹಾಕಿ, ಗುಂಡು ತೆಗೆದಿಟ್ಟು, ಅದನ್ನು ಬಲಸೊಂಟಕ್ಕೆ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತಾಗ ಅವಳಿಗೆ ಮೊದಲ ಸಲ ತನ್ನ ಸೊಂಟ ಬೇರೆಯವರದ್ದು ಅನ್ನಿಸಿತು. ಹೆಂಗಸರ ಸ್ಕರ್ಟಿನ ಪಟ್ಟಿ ಅಷ್ಟು ಭಾರ ತಡೆಯುವುದಿಲ್ಲ, ಜೋತುಬೀಳುತ್ತದೆ. ಅದಕ್ಕೆ ಪಟ್ಟಿಯ ಒಳಗೆ ದಪ್ಪ ಕ್ಯಾನ್ವಾಸಿನ ಇನ್ನೊಂದು ಪಟ್ಟಿ ಹೊಲಿದಳು. ಕೋಟಿನ ಒಳಮೈ ಪಿಸ್ತೂಲಿನ ಹಿಡಿಗೆ ಸಿಕ್ಕಿಕೊಳ್ಳುತ್ತಿತ್ತು. ಆ ಜಾಗಕ್ಕೆ ನುಣುಪಾದ ರೇಷ್ಮೆ ಹಾಕಿದಳು. ಬಲಗಡೆಯ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಬಿಟ್ಟಳು, ಬೆನ್ನಿಗೊಂದು ನೆರಿಗೆ ಕೊಟ್ಟಳು. ಆದರೂ ಏನೋ ಸರಿಯಿಲ್ಲ.

ಮೊಜೆಲ್ ಭಾನುವಾರ ಮಧ್ಯಾಹ್ನ ಬಂದು ಕುರ್ಚಿಯಲ್ಲಿ ಕೂತು ತೀರ್ಪು ಕೊಡುತ್ತಿದ್ದಳು. ಅವಳಿಗೆ ಈ ಇಡೀ ಏರ್ಪಾಡೇ ಇಷ್ಟವಿರಲಿಲ್ಲ.

“ಬಗ್ಗು ಅಕ್ಕ. ಹಾಂ. ಹಂದಿ ಮೂತಿ ಥರ ಚಾಚ್ಕೊಂಡಿದೆ.”

“ಈಗ?”

“ಈಗ ಹಂದಿ ಮಲಗಿದೆ. ಆದ್ರೆ ಅಲ್ಲೇ ಇದೆ. ಚರ್ಚಲ್ಲಿ ಹಾಡು ಹೇಳೋ ಹೆಂಗಸು ನೀನು. ಸೊಂಟಕ್ಕೆ ಸಾವು ಕಟ್ಕೊಂಡು ತಿರುಗ್ತೀಯಾ?”

“ಸಾವು ಪಿಕಪ್ ಗಾಡೀಲಿ ತಿರುಗ್ತಿದೆ ಕಣೇ. ಅದಕ್ಕೆ ನಿನ್ನ ಮಗಳ ವಿಳಾಸ ಗೊತ್ತು.”

ಒಳಗಿನ ಕೋಣೆಯಿಂದ ಡೆನೀಟಾ ಬಂದು, ಗೋಡೆಗೊರಗಿ ನಿಂತು ದೊಡ್ಡಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ದವಡೆ ಕೂಡಿದ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು.

“ಕೋಟು ಒಂದು ಕಡೆ ಜಗ್ತಿದೆ ದೊಡ್ಡಮ್ಮ. ಅದಕ್ಕೇ ಗೊತ್ತಾಗ್ತಿರೋದು. ಪಿಸ್ತೂಲು ಕಾಣ್ತಿಲ್ಲ, ಭಾರ ಕಾಣ್ತಿದೆ.”

ವರ್ಲೀನ್ ಕೋಟು ಬಿಚ್ಚಿ ಕೈಯಲ್ಲಿ ತೂಗಿ ನೋಡಿದಳು. ಮರುದಿನ ಗಾಳದ ಸಾಮಾನಿನ ಅಂಗಡಿಗೆ ಹೋಗಿ ಬೇಳೆಯಷ್ಟು ಚಿಕ್ಕ ಸೀಸದ ಗುಂಡುಗಳನ್ನು ತಂದು, ಕೋಟಿನ ಎಡಗಡೆಯ ಅಂಚಿನ ಮಡಿಕೆಯೊಳಗೆ ಒಂದೊಂದನ್ನೇ ಹೊಲಿದಳು. ಕೋಟು ಎರಡೂ ಕಡೆ ಒಂದೇ ಸಮ ಇಳಿಬಿದ್ದಿತು. ಕುಳಿತಳು, ಬಗ್ಗಿದಳು, ಮೇಲಿನ ಅಟ್ಟದಿಂದ ಬಟ್ಟೆಯ ಸುರುಳಿ ಇಳಿಸಿದಳು. ಎಲ್ಲೂ ಏನೂ ಇರಲಿಲ್ಲ. ಚೆನ್ನಾದ ಉಡುಪು ತೊಟ್ಟ ಒಬ್ಬ ಹೆಂಗಸು ಇದ್ದಳು, ಅಷ್ಟೇ.

ಪರವಾನಗಿ ಕೈಗೆ ಬಂದ ದಿನ ನೆಟ್ಟಗೆ ಮೇವಿನ ಅಂಗಡಿಗೆ ಹೋದಳು. ಜೇನಿನ ಬಣ್ಣದ ಸೂಟು, ಅದೇ ಬಣ್ಣದ ಚಪ್ಪಟೆ ಟೋಪಿ. ಹಾರ್ಗಿಸ್ ಜೋಳದ ಮೂಟೆಗೆ ಒರಗಿ ಕಾಫಿ ಕುಡಿಯುತ್ತಿದ್ದ.

“ಹಾರ್ಗಿಸ್ ಅವರೇ, ಎಲ್ಲಿದೆ ಹೇಳಿ.”

ಅವನು ಅವಳ ಸುತ್ತ ಒಂದು ಸುತ್ತು ನಡೆದ. ಕಣ್ಣು ಕಿರಿದು ಮಾಡಿದ.

“ಎಡ ಸೊಂಟ.”

“ಅಲ್ಲ.”

“ಬೆನ್ನ ಹಿಂದೆ.”

“ಅಲ್ಲ.”

“ಹಾಗಾದ್ರೆ ಮನೇಲಿಟ್ಟು ಬಂದಿದೀರಿ. ನನ್ನನ್ನ ಮಂಗ ಮಾಡ್ತಿದೀರಿ.”

ಅವನ ಹೆಂಡತಿ ಗಲ್ಲಾದ ಹಿಂದಿನಿಂದ ಕೂಗಿದಳು. “ನಿನ್ನನ್ನ ಮಂಗ ಮಾಡೋಕೆ ಅವರ್ಯಾಕೆ ಬೇಕು? ಕೋಟು ನೋಡಿದೀಯಾ? ಹಾಗೆ ಇಳಿಬಿದ್ದ ಕೋಟನ್ನ ನಾನು ಡಲ್ಲಾಸಿನಲ್ಲೂ ನೋಡಿಲ್ಲ.”

“ಇದೆ. ಎಲ್ಲಿದೆ ಅಂತ ನನಗೂ ಕಾನೂನಿಗೂ ಮಾತ್ರ ಗೊತ್ತು,” ಎಂದಳು ವರ್ಲೀನ್. ಬಾಗಿಲು ದಾಟುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬಂದ ನಗು.

ಹಾರ್ಗಿಸ್‌ನ ಬಾಯಿ ಸುಮ್ಮನಿರುವಂಥದ್ದಲ್ಲ. ವಾರದೊಳಗೆ ಊರಿಗೆಲ್ಲ ಸುದ್ದಿಯಾಯಿತು. ವರ್ಲೀನ್ ಗಿಪ್ಸನ್ ಪಿಸ್ತೂಲು ಇಟ್ಟುಕೊಂಡಿದ್ದಾಳೆ, ಆದರೆ ಎಲ್ಲಿ ಎಂದು ಹೇಳುವ ಗಂಡಸು ಹುಟ್ಟಿಲ್ಲ. ಅಂಚೆ ಕಚೇರಿಯ ಸಾಲಿನಲ್ಲಿ ಜನ ಅವಳ ಮುಖ ಬಿಟ್ಟು ಸೊಂಟ ನೋಡತೊಡಗಿದರು. ಪಾದ್ರಿ ಒಂದು ಭಾನುವಾರ, ಯಾರ ಹೆಸರೂ ಹೇಳದೆ, ಕತ್ತಿ ಹಿಡಿದವನು ಕತ್ತಿಯಿಂದಲೇ ನಾಶವಾಗುತ್ತಾನೆ ಎಂಬ ಮಾತಿನ ಮೇಲೆ ಮುಕ್ಕಾಲು ಗಂಟೆ ಉಪದೇಶ ಮಾಡಿದರು. ವರ್ಲೀನ್ ಮೊದಲ ಸಾಲಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತ ಪೂರ್ತಿ ಕೇಳಿದಳು. ಚರ್ಚಿನೊಳಗೆ ಪಿಸ್ತೂಲು ತರುವಂತಿಲ್ಲ ಎಂದು ಕಾನೂನಿನಲ್ಲೇ ಇತ್ತು. ಅವಳು ಅದನ್ನು ಕಾರಿನಲ್ಲಿ ಬೀಗ ಹಾಕಿ ಇಟ್ಟೇ ಒಳಗೆ ಬರುತ್ತಿದ್ದಳು. ಪಿಸ್ತೂಲಿಲ್ಲದೆ ಕೋಟು ಎಡಕ್ಕೆ ಜಗ್ಗುತ್ತದಲ್ಲ, ಅದಕ್ಕೆ ಒರೆಯ ಜಾಗದಲ್ಲಿ ಸೀಸದ ಗುಂಡು ತುಂಬಿದ ಒಂದು ಬಟ್ಟೆಯ ಚೀಲ ಸಿಕ್ಕಿಸಿಕೊಳ್ಳುತ್ತಿದ್ದಳು. ದೇವರ ಮುಂದೆ ಸೊಟ್ಟ ಕೋಟಿನಲ್ಲಿ ನಿಲ್ಲುವುದು ಅವಳ ಜಾಯಮಾನವಲ್ಲ.

ಲೆಂಡೆಲ್ ಬಂದದ್ದು ಜುಲೈ ತಿಂಗಳ ಎರಡನೆಯ ಭಾನುವಾರ. ಪ್ರಾರ್ಥನೆ ಮುಗಿದು ಚರ್ಚಿನ ಹಿಂದಿನ ಓಕ್ ಮರದಡಿ ಊಟ ನಡೆದಿತ್ತು. ಉದ್ದ ಮೇಜುಗಳ ಮೇಲೆ ಹುರಿದ ಕೋಳಿ, ಆಲೂಗಡ್ಡೆ ಸಲಾಡು, ಪೀಚ್ ಹಣ್ಣಿನ ಬಿಸಿ ಸಿಹಿ, ಐಸು ಹಾಕಿದ ಸಿಹಿ ಚಹಾ. ಡೆನೀಟಾ ಲೋಟಗಳಿಗೆ ಚಹಾ ಹುಯ್ಯುತ್ತಿದ್ದಳು. ಕೆಂಪು ಪಿಕಪ್ ಗಾಡಿ ಹುಲ್ಲಿನ ಮೇಲೆಯೇ ಹತ್ತಿ ಬಂದು ನಿಂತಿತು. ಇಳಿದವನನ್ನು ನೋಡಿ ಡೆನೀಟಾಳ ಕೈಯ ಹೂಜಿ ಮೇಜಿನ ಮೇಲೆ ಉರುಳಿತು. ಚಹಾ ಹರಿದು ಹುಲ್ಲಿಗೆ ತೊಟ್ಟಿಕ್ಕುತ್ತಿತ್ತು, ಯಾರೂ ಎತ್ತಲಿಲ್ಲ.

“ಡೆನೀಟಾ, ಗಾಡಿ ಹತ್ತು. ಮಾತಾಡೋದಿದೆ.”

ಚರ್ಚಿನ ಹಿರಿಯರಲ್ಲಿ ಹೆಚ್ಚಿನವರು ಎಂಬತ್ತರ ಹತ್ತಿರದವರು. ಒಬ್ಬರು ಎದ್ದು ಮತ್ತೆ ಕೂತರು. ಪಾದ್ರಿ ಎರಡೂ ಕೈ ಮುಂದೆ ಚಾಚಿ, “ಮಗೂ, ಇದು ದೇವರ ಜಾಗ, ಒಂದು ತಟ್ಟೆ ಊಟ ಮಾಡು, ಸಮಾಧಾನವಾಗಿ ಮಾತಾಡೋಣ” ಎಂದರು. ಅವನು ಅವರನ್ನು ಭುಜದಿಂದ ಸರಿಸಿ ಮುಂದೆ ಬಂದ. ಯಾರೋ ಒಬ್ಬರು ಫೋನ್ ಮಾಡಲು ಚರ್ಚಿನ ಒಳಗೆ ಓಡಿದರು. ನಲವತ್ತು ನಿಮಿಷ ಎಂದು ವರ್ಲೀನ್‌ಗೆ ನೆನಪಾಯಿತು.

ಅವಳ ಕಾರು ರಸ್ತೆಯ ಆಚೆ ಬದಿ ಇತ್ತು. ಅಲ್ಲಿಗೆ ಹೋಗಿ ಬೀಗ ತೆಗೆದು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ತಟ್ಟೆ ಕೆಳಗಿಟ್ಟಳು, ಬೆರಳು ಒರೆಸಿಕೊಂಡಳು, ನಿಂಬೆಯ ಬಣ್ಣದ ಕೋಟಿನ ಮುಂಭಾಗ ಸರಿ ಮಾಡಿಕೊಂಡು ಹುಲ್ಲಿನ ಮೇಲೆ ನಡೆದು ಹೋಗಿ ಲೆಂಡೆಲ್‌ಗೂ ಡೆನೀಟಾಗೂ ನಡುವೆ ನಿಂತಳು. ಎತ್ತರದಲ್ಲಿ ಅವನ ಎದೆಗೆ ಬರುತ್ತಿದ್ದಳು, ಟೋಪಿಯೂ ಸೇರಿ.

“ಅಲ್ಲೇ ನಿಲ್ಲು, ಲೆಂಡೆಲ್.”

ಅವನು ನಿಂತ. ನಿಂತದ್ದಕ್ಕೆ ಅವನಿಗೇ ಸಿಟ್ಟು ಬಂದ ಹಾಗಿತ್ತು.

“ಏನ್ ದೊಡ್ಡತ್ತೆ, ರಾಣಿ ಥರ ಬಂದಿದೀರಾ. ಊರೆಲ್ಲ ಹೇಳ್ತಿದೆ, ಬಟ್ಟೆ ಒಳಗೆ ಪಿಸ್ತೂಲು ಇಟ್ಕೊಂಡಿದೀರಂತೆ. ಎಲ್ಲಿ, ತೋರಿಸಿ ನೋಡೋಣ.”

“ತೋರಿಸಿದ್ರೆ ಕಾನೂನು ಮುರಿದ ಹಾಗಾಗತ್ತೆ. ನಾನು ಕಾನೂನು ಮುರಿಯೋಳಲ್ಲ. ನಮ್ಮಿಬ್ರಲ್ಲಿ ಅದು ನಿನ್ನ ಕೆಲಸ.”

“ಸುಳ್ಳು. ಏನೂ ಇಲ್ಲ.”

“ಇರಬಹುದು, ಇಲ್ದೇ ಇರಬಹುದು. ಕಣ್ಣಿದೆಯಲ್ಲ, ನೋಡು. ಚೆನ್ನಾಗಿ ನೋಡು.” ಅವಳು ಎರಡು ಕೈಯನ್ನೂ ಸ್ವಲ್ಪ ದೂರ ಹಿಡಿದು, ಅಳತೆ ಕೊಡಲು ನಿಂತ ಗಿರಾಕಿಯ ಹಾಗೆ ನಿಧಾನವಾಗಿ ಒಂದು ಸುತ್ತು ತಿರುಗಿದಳು. ಬೆನ್ನು ಅವನ ಕಡೆ ಬಂದ ಆ ಒಂದು ಕ್ಷಣದಲ್ಲಿ ಅವಳ ಬೆನ್ನುಹುರಿ ಮಂಜುಗಡ್ಡೆಯ ಹಾಗೆ ತಣ್ಣಗಾಯಿತು. ಆದರೂ ತಿರುಗಿ ಮುಗಿಸಿದಳು. “ನೋಡಿಯಾಯ್ತಾ? ಎಲ್ಲಿದೆ ಹೇಳು. ತಪ್ಪು ಹೇಳಿದ್ರೆ ಏನಾಗತ್ತೆ ಅಂತ ನಾನು ಹೇಳಲ್ಲ.”

ಅವನ ಕಣ್ಣು ಬಲಸೊಂಟಕ್ಕೆ ಹೋಯಿತು, ಎಡಕ್ಕೆ ಹೋಯಿತು, ತೋಳಿಗೆ, ಟೋಪಿಗೆ. ಕೋಟು ಎರಡೂ ಕಡೆ ಒಂದೇ ಸಮ ಇಳಿಬಿದ್ದು ಸುಮ್ಮನಿತ್ತು. ಪಿಸ್ತೂಲು ಎಲ್ಲಿಯೂ ಇರಲಿಲ್ಲ, ಆದ್ದರಿಂದ ಎಲ್ಲಿ ಬೇಕಾದರೂ ಇರಬಹುದಾಗಿತ್ತು. ಅವನ ಹಣೆಯ ಮೇಲೆ ಬೆವರು ಮೂಡಿದ್ದನ್ನು ಮುಂದಿನ ಮೇಜಿನವರೆಲ್ಲ ನೋಡಿದರು.

“ಹುಚ್ಚು ಮುದುಕಿ,” ಎಂದ.

“ಮುದುಕಿ ಅಂದದ್ದು ಸರಿ. ಹೊರಡು.”

ಅವನು ಬಾಯಿಗೆ ಬಂದದ್ದೆಲ್ಲ ಬೈಯುತ್ತ ಗಾಡಿ ಹತ್ತಿದ. ಚಕ್ರ ಹುಲ್ಲನ್ನು ಕಿತ್ತೆಸೆಯಿತು.

ಗಾಡಿಯ ಸದ್ದು ಕೇಳದಾದ ಮೇಲೆ ಮೊಜೆಲ್ ಓಡಿ ಬಂದು ಅಕ್ಕನ ತೋಳು ಹಿಡಿದಳು.

“ತೆಗೀತಿದ್ಯಾ ಅಕ್ಕ? ನಿಜ ಹೇಳು. ಇಷ್ಟು ಮಕ್ಕಳ ಮುಂದೆ ತೆಗೀತಿದ್ಯಾ?”

“ಏನನ್ನ ತೆಗೀಲಿ? ಚರ್ಚಿನ ಜಾಗಕ್ಕೆ ತರಬಾರದು ಕಣೇ. ಅದು ಕಾರಿನಲ್ಲಿದೆ.”

ಮೊಜೆಲ್ ಚರ್ಚಿಗೆ ತೊಟ್ಟ ಒಳ್ಳೆಯ ಬಟ್ಟೆಯಲ್ಲೇ ದೊಪ್ಪನೆ ಹುಲ್ಲಿನ ಮೇಲೆ ಕೂತುಬಿಟ್ಟಳು. ವರ್ಲೀನ್ ಟೋಪಿ ತೆಗೆಯಲು ಕೈ ಎತ್ತಿದಳು. ಸೂಜಿಯ ಕಣ್ಣಿಗೆ ದಾರ ಪೋಣಿಸುವ ಬೆರಳಿಗೆ ಪಿನ್ನು ಸಿಗಲಿಲ್ಲ. ಡೆನೀಟಾ ಬಂದು ಪಿನ್ನು ತೆಗೆದು, ಟೋಪಿ ಎತ್ತಿ, ಒದ್ದೆಯಾದ ಹಣೆಯನ್ನು ತನ್ನ ಕರವಸ್ತ್ರದಿಂದ ಒತ್ತಿದಳು. “ದೊಡ್ಡಮ್ಮ, ನೀನು ನಿಜವಾಗ್ಲೂ ಹುಚ್ಚಿ,” ಎಂದು ಅಳುತ್ತ ನಕ್ಕಳು. ದವಡೆ ಮುರಿದಾಗಿನಿಂದ ಬಾಯಿ ತುಂಬ ನಕ್ಕದ್ದು ಅಂದೇ.

ನ್ಯಾಯಾಲಯದ ಆಜ್ಞೆ ಮೀರಿದ್ದಕ್ಕೆ ಅರವತ್ತು ಜನ ಸಾಕ್ಷಿಗಳಿದ್ದರು. ಒಂಬತ್ತು ದಿನದ ಮೇಲೆ ಲೆಂಡೆಲ್ ಬ್ಯೂಮಾಂಟಿನಲ್ಲಿ ಸಿಕ್ಕಿಬಿದ್ದ. ಬಾಕಿಯಿದ್ದ ಶಿಕ್ಷೆ ಮತ್ತೆ ಅವನ ತಲೆಗೆ ಬಂತು, ಹೊಸದೊಂದೂ ಸೇರಿತು. ಹೊರಗೆ ಬಂದ ಮೇಲೆ ಅವನು ಲೂಯಿಸಿಯಾನಾ ಕಡೆ ಹೋದನೆಂದು ಕೇಳಿದವರುಂಟು, ಕಂಡವರಿಲ್ಲ.

ಆದರೆ ಚರ್ಚಿನ ಹಿರಿಯರು ಸುಮ್ಮನಿರಲಿಲ್ಲ. ಆಗಸ್ಟ್‌ನಲ್ಲಿ ಅವಳನ್ನು ಕರೆಸಿ ಕೂರಿಸಿದರು. ಪಾದ್ರಿ ಮೆತ್ತಗೆ ಆರಂಭಿಸಿದರು.

“ಸೋದರಿ ವರ್ಲೀನ್, ನಿಮ್ಮ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಆ ವಸ್ತು ಬಿಟ್ಟುಬಿಡಿ. ಕಾರಿನಲ್ಲೂ ಬೇಡ. ಹಾಡಿನ ತಂಡದ ಹೆಂಗಸಿಗೆ ಅದು ಶೋಭೆಯಲ್ಲ.”

“ಪಾದ್ರಿಗಳೇ, ನನಗೆ ಏನು ಶೋಭೆ ಅಂತ ನನಗೆ ಹೇಳ್ಬೇಡಿ. ಶೋಭೆ ನನ್ನ ಕಸುಬು. ಅವನು ಬಂದ ದಿನ ನೀವು ಮಾತಾಡಿದ್ರಿ, ಅದು ನಿಮ್ಮ ಕೆಲಸ, ತಪ್ಪಿಲ್ಲ. ಆಮೇಲೆ ಪೀಚ್ ಸಿಹಿಯ ಮೇಜಿನ ಹಿಂದೆ ಹೋದ್ರಿ, ಅದನ್ನೂ ನಾನು ತಪ್ಪು ಅನ್ನಲ್ಲ. ಎಲ್ಲರಿಗೂ ಹೆದರಿಕೆ ಇರತ್ತೆ. ನನಗೂ ಇತ್ತು. ಆದ್ರೆ ನನ್ನ ಹೆದರಿಕೆಗೆ ಏನು ಬೇಕೋ ಅದನ್ನ ನಾನೇ ಹೊಲ್ಕೊಂಡಿದೀನಿ. ನೀವು ಬೇಕಾದ್ರೆ ನನ್ನನ್ನ ತಂಡದಿಂದ ತೆಗೀರಿ. ಮೊದಲ ಸಾಲಿನಿಂದ ಎಬ್ಬಿಸೋಕೆ ಮಾತ್ರ ಆಗಲ್ಲ.”

ತೆಗೆಯಲಿಲ್ಲ. ಎತ್ತರದ ಸ್ವರಕ್ಕೆ ಬೇರೆ ಯಾರೂ ಇರಲಿಲ್ಲ.

ಅವಳು ಆ ರಿವಾಲ್ವರನ್ನು ಮತ್ತೆ ಹನ್ನೆರಡು ವರ್ಷ ಇಟ್ಟುಕೊಂಡಳು. ಗುರಿ ಕಲಿಯುವ ಮೈದಾನದ ಹೊರಗೆ ಒಂದು ಗುಂಡನ್ನೂ ಹಾರಿಸಲಿಲ್ಲ. ಅದರಿಂದ ಅವಳಿಗೆ ಸಂತೋಷವಿತ್ತೋ ಎಂದು ಯಾರಾದರೂ ಕೇಳಿದರೆ, “ಸೊಂಟ ನೋಯತ್ತೆ” ಎನ್ನುತ್ತಿದ್ದಳು. ಹಾರ್ಗಿಸ್ ತನ್ನ ತರಗತಿಯಲ್ಲಿ ಬಟ್ಟೆಯ ಪಾಠವನ್ನು ಅವಳಿಗೇ ಬಿಟ್ಟುಕೊಟ್ಟ. ಮೀನು ಹಿಡಿಯುವವರ ಜಾಕೆಟ್ಟಿನ ಮಾತು ಮತ್ತೆ ಎತ್ತಲಿಲ್ಲ.

ಆ ಆಗಸ್ಟಿನಲ್ಲೇ, ಹಿರಿಯರ ಸಭೆಯಾದ ಮೂರನೆಯ ದಿನ ಮಧ್ಯಾಹ್ನ, ಯಾರೋ ಮನೆಯ ಹಿಂದಿನ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ತಟ್ಟಿದರು. ನೋಡಿದರೆ ಆ ಹಿರಿಯರಲ್ಲೇ ಎಲ್ಲರಿಗಿಂತ ಗಟ್ಟಿಯಾಗಿ ಪಾದ್ರಿಯ ಮಾತಿಗೆ ಹೂಂಗುಟ್ಟಿದವರ ಹೆಂಡತಿ, ಆರ್ವೆಲ್ಲಾ. ಕಂಕುಳಲ್ಲಿ ಕಾಗದ ಸುತ್ತಿದ ಕಡುನೀಲಿ ಉಡುಪು.

“ನಮ್ಮ ಯಜಮಾನ್ರಿಗೆ ಗೊತ್ತಾಗೋದು ಬೇಡ ವರ್ಲೀನ್. ರಾತ್ರಿ ಪಾಳಿ ಮುಗಿಸಿ ಒಬ್ಳೇ ಬರ್ತೀನಿ ನಾನು. ಇದಕ್ಕೆ ಬಲಗಡೆ ಸ್ವಲ್ಪ ಸಡಿಲ ಕೊಡೋಕಾಗತ್ತಾ?”

“ಎಷ್ಟು ಉದ್ದದ್ದು?”

“ಆರು ಇಂಚು.”

“ಆಗತ್ತೆ. ಆದ್ರೆ ಹಿಂದಿನ ಬಾಗಿಲಿಂದ ಬಂದೋರಿಗೆ ನಾನು ಹೊಲಿಯಲ್ಲ,” ಎಂದು ವರ್ಲೀನ್ ಕತ್ತಿಗೆ ಅಳತೆ ಟೇಪು ಹಾಕಿಕೊಂಡಳು. “ಮನೆ ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬಾ. ನೆಟ್ಟಗೆ ನಡ್ಕೊಂಡು ಬಾ, ಬೀದಿಯೋರು ನೋಡ್ಲಿ.”